ಕೊರಳಿಗೊಂದು ಕಾವಲು

ಕೊರಳು, ಕತ್ತು, ಕುತ್ತಿಗೆ, ಗೋಣು: ಒಂದೇ ಅಂಗಕ್ಕೆ ಕನ್ನಡದಲ್ಲಿ ಇಷ್ಟು ಮಾತುಗಳು, ಒಂದೊಂದು ಮಾತಿಗೂ ಒಂದೊಂದು ಸಂದರ್ಭ. ಹಾಡುವಾಗ ಅದು ಕೊರಳು. ಬೇಲಿಯಾಚೆ ಇಣುಕುವಾಗ ಕತ್ತು. ಸಾಲ ಕೊಟ್ಟವನು ಪಟ್ಟುಹಿಡಿದಾಗ ಕುತ್ತಿಗೆ. ಕೋಲೆಬಸವನು ಕೇಳಿದ್ದಕ್ಕೆಲ್ಲ ಒಪ್ಪಿಗೆ ಸೂಚಿಸುವಾಗ ಗೋಣು. ಭರತನಾಟ್ಯದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೊರಳಿನ ಚಲನೆಯನ್ನೇ ಶಾಸ್ತ್ರವನ್ನಾಗಿ ಮಾಡಿದ್ದಾರೆ. ಅಭಿನಯದರ್ಪಣವು ಸುಂದರೀ, ತಿರಶ್ಚೀನಾ, ಪರಿವರ್ತಿತಾ, ಪ್ರಕಂಪಿತಾ ಎಂಬ ನಾಲ್ಕು ಗ್ರೀವಾಭೇದಗಳನ್ನು ಹೇಳುತ್ತದೆ.

ಇಷ್ಟೆಲ್ಲ ಗೌರವಕ್ಕೆ ಪಾತ್ರವಾದ ಈ ಅಂಗವು ನಿತ್ಯಜೀವನದಲ್ಲಿ ಮಾತ್ರ ಯಾರ ಗಮನಕ್ಕೂ ಬರುವುದಿಲ್ಲ. ಅದು ಗಮನಕ್ಕೆ ಬರುವುದು ತಿರುಗಲೊಲ್ಲದ ದಿನ. ಆ ದಿನ ರಸ್ತೆ ದಾಟುವುದು ಒಂದು ಸಾಹಸವಾಗುತ್ತದೆ. ಸ್ಕೂಟರಿನ ಮೇಲೆ ಕುಳಿತವನು ಹಿಂದೆ ಬರುವ ಬಸ್ಸನ್ನು ನೋಡಲಾರ. ಮೇಲಿನ ಹಲಗೆಯಿಂದ ಡಬ್ಬಿ ಇಳಿಸಬೇಕಾದ ಗೃಹಿಣಿ ತಲೆಯೆತ್ತಲಾರಳು. ಬೆನ್ನ ಹಿಂದಿನಿಂದ ಮಗು ಕರೆದರೆ ಇಡೀ ಮೈಯನ್ನೇ ಗಾಡಿಯ ಹಾಗೆ ಹೊರಳಿಸಬೇಕಾಗುತ್ತದೆ. ಹೀಗೆ ಬಿಗಿದುಕೊಂಡ ಕೊರಳು ಮತ್ತೆ ಸಡಿಲವಾಗುತ್ತಿದೆಯೇ, ಇಲ್ಲವೇ ಎಂಬುದನ್ನು, ಆಸ್ಪತ್ರೆಯಿಂದ ನೂರು ಮೈಲಿ ದೂರದಲ್ಲಿರುವ ರೋಗಿಯ ಮನೆಯಲ್ಲೇ ಅಳೆದು ವೈದ್ಯರಿಗೆ ತಿಳಿಸುವ ಕೆಲಸವನ್ನು ಈಗ ಒಂದು ಸಾಮಾನ್ಯ ವಸ್ತುವಿಗೆ ವಹಿಸಲಾಗುತ್ತಿದೆ. ಆ ವಸ್ತು ಮತ್ತಾವುದೂ ಅಲ್ಲ, ಎಲ್ಲರ ಜೇಬಿನಲ್ಲಿರುವ ಸ್ಮಾರ್ಟ್‌ಫೋನು.

ಏಳು ಮಣಿಗಳ ಸರ

ಮನುಷ್ಯನ ತಲೆಯ ತೂಕ ಸುಮಾರು ೪.೫ರಿಂದ ೫ ಕಿಲೋಗ್ರಾಂ. ಈ ಭಾರವನ್ನು ಹೊರುವ ಕೊರಳಿನಲ್ಲಿರುವ ಮೂಳೆಯ ಮಣಿಗಳು ಕೇವಲ ಏಳು. ಮಾರುದ್ದದ ಕೊರಳನ್ನು ಪಡೆದ ಜಿರಾಫೆಗೂ ಏಳೇ, ಕೊರಳೇ ಇಲ್ಲವೆಂಬಂತೆ ತೋರುವ ತಿಮಿಂಗಿಲಕ್ಕೂ ಏಳೇ ಎಂಬುದು ಸೃಷ್ಟಿಯ ಸೋಜಿಗಗಳಲ್ಲೊಂದು. ಸ್ತನಿಗಳಲ್ಲಿ ಈ ಲೆಕ್ಕವನ್ನು ಮೀರಿದ ಪ್ರಾಣಿಗಳು ಬೆರಳೆಣಿಕೆಯಷ್ಟು ಮಾತ್ರ.

ಏಳರಲ್ಲಿ ಮೇಲಿನ ಎರಡು ಮಣಿಗಳ ರಚನೆ ಉಳಿದವುಗಳಿಗಿಂತ ಭಿನ್ನ. ಮೊದಲನೆಯದಕ್ಕೆ ಅಟ್ಲಾಸ್ ಎಂದು ಹೆಸರು. ಗ್ರೀಕರ ಪುರಾಣದಲ್ಲಿ ಆಕಾಶವನ್ನು ಹೆಗಲ ಮೇಲೆ ಹೊತ್ತು ನಿಂತ ದೈತ್ಯನ ಹೆಸರದು. ನಮ್ಮವರು ಹೆಸರಿಟ್ಟಿದ್ದರೆ ಆದಿಶೇಷನೆಂದು ಕರೆಯುತ್ತಿದ್ದರೋ ಏನೋ! ತಲೆಬುರುಡೆಯು ಈ ಅಟ್ಲಾಸಿನ ಮೇಲೆ ಕುಳಿತು ಹಿಂದಕ್ಕೂ ಮುಂದಕ್ಕೂ ತೊನೆಯುತ್ತದೆ. 'ಹೌದು' ಎಂದು ತಲೆದೂಗುವ ಚಲನೆಯ ಮೊದಲು ಇಲ್ಲಿಯದು. ಎರಡನೆಯ ಮಣಿಗೆ ಆಕ್ಸಿಸ್ ಎಂದು ಹೆಸರು. ಬೀಸುಕಲ್ಲಿನ ನಡುವೆ ನಿಂತ ಗೂಟದಂತೆ ಇದರಿಂದ ಒಂದು ಮೊಳೆ ಮೇಲಕ್ಕೆದ್ದಿದೆ. ಮೇಲುಗಲ್ಲು ಗೂಟದ ಸುತ್ತ ತಿರುಗುವ ಹಾಗೆ ಅಟ್ಲಾಸು ಈ ಮೊಳೆಯ ಸುತ್ತ ತಿರುಗುತ್ತದೆ. 'ಅಲ್ಲ' ಎಂದು ತಲೆಯಾಡಿಸುವುದು ಇದರಿಂದ. ಕೊರಳಿನ ಒಟ್ಟು ತಿರುವಿನಲ್ಲಿ ಸುಮಾರು ಅರ್ಧದಷ್ಟು ಈ ಒಂದೇ ಕೀಲಿನಲ್ಲಿ ನಡೆಯುತ್ತದೆ. ಉಳಿದರ್ಧವನ್ನು ಕೆಳಗಿನ ಮಣಿಗಳು ಹಂಚಿಕೊಳ್ಳುತ್ತವೆ.

ನಾಟ್ಯದವರ ಭೇದಗಳು ನಾಲ್ಕಾದರೆ ವೈದ್ಯರ ಭೇದಗಳು ಆರು. ಮುಂದಕ್ಕೆ ಬಾಗುವುದು, ಹಿಂದಕ್ಕೆ ಬಾಗುವುದು, ಎಡ ಹೆಗಲಿನತ್ತ ವಾಲುವುದು, ಬಲ ಹೆಗಲಿನತ್ತ ವಾಲುವುದು, ಎಡಕ್ಕೆ ತಿರುಗುವುದು, ಬಲಕ್ಕೆ ತಿರುಗುವುದು. ಆರೋಗ್ಯವಂತನಾದ ತರುಣನ ಕೊರಳು ಒಂದೊಂದು ಪಕ್ಕಕ್ಕೂ ಸುಮಾರು ೮೦ ಡಿಗ್ರಿ ತಿರುಗಬಲ್ಲುದು, ಸುಮಾರು ೪೫ ಡಿಗ್ರಿ ವಾಲಬಲ್ಲುದು. ಮುಂದಕ್ಕೂ ಹಿಂದಕ್ಕೂ ೫೦, ೬೦ ಡಿಗ್ರಿಗಳಷ್ಟು ಬಾಗಬಲ್ಲುದು. ವಯಸ್ಸಾದಂತೆ ಈ ಅಂಕಿಗಳು ಮೆಲ್ಲಮೆಲ್ಲನೆ ಇಳಿಯುವುದು ಸಹಜವಾದದ್ದು. ಅಜ್ಜನ ಕೊರಳು ಮೊಮ್ಮಗನ ಕೊರಳಿನಂತೆ ತಿರುಗಲಿಲ್ಲವೆಂದು ಯಾರೂ ಗಾಬರಿಪಡಬೇಕಾಗಿಲ್ಲ.

ಈ ಡಿಗ್ರಿಗಳು ಬರಿಯ ಲೆಕ್ಕದ ವಿಲಾಸವೆಂದು ತಿಳಿಯಬಾರದು. ೨೦೦೧ರಲ್ಲಿ ಕೆನಡಾದ ವೈದ್ಯರು ಒಂದು ನಿಯಮವನ್ನು ಪ್ರಕಟಿಸಿದರು. ಅಪಘಾತದಲ್ಲಿ ಸಿಕ್ಕಿದರೂ ಪೂರ್ಣ ಎಚ್ಚರದಲ್ಲಿದ್ದು, ಅಪಾಯದ ಇತರ ಲಕ್ಷಣಗಳಾವುವೂ ಇಲ್ಲದ ರೋಗಿಯು ತನ್ನ ಕೊರಳನ್ನು ತಾನಾಗಿಯೇ ಎಡಕ್ಕೂ ಬಲಕ್ಕೂ ೪೫ ಡಿಗ್ರಿ ತಿರುಗಿಸಬಲ್ಲನಾದರೆ ಎಕ್ಸ್‌ರೇ ತೆಗೆಯುವ ಅಗತ್ಯವಿಲ್ಲವೆಂಬುದು ಅದರ ಸಾರಗಳಲ್ಲೊಂದು. ವೈದ್ಯರೇ ಮಾಡಬೇಕಾದ ಪರೀಕ್ಷೆ ಇದು. ರಸ್ತೆಯ ಬದಿಯಲ್ಲಿ ಮಾಡಿ ನೋಡತಕ್ಕದ್ದಲ್ಲ. ಕೊರಳಿನ ತಿರುವಿನ ಅಳತೆಗೆ ವೈದ್ಯಶಾಸ್ತ್ರವು ಎಂತಹ ಬೆಲೆಯನ್ನು ಕೊಟ್ಟಿದೆಯೆಂಬುದಕ್ಕೆ ಮಾತ್ರ ಇದೊಂದು ಸಾಕ್ಷಿ.

ಬಿಡುಗಡೆಯ ತರುವಾಯ

ಕೊರಳು ಬಿಗಿಯುವುದಕ್ಕೆ ಕಾರಣಗಳು ಅನೇಕ. ನಿಂತ ಕಾರಿಗೆ ಹಿಂದಿನಿಂದ ಮತ್ತೊಂದು ವಾಹನ ಬಡಿದಾಗ ಮೈ ಮುಂದಕ್ಕೆ ನೂಕಲ್ಪಟ್ಟು, ತಲೆ ಕ್ಷಣಕಾಲ ಹಿಂದುಳಿದು, ಕೊರಳು ಚಾಟಿಯಂತೆ ಬೀಸಲ್ಪಡುತ್ತದೆ. ಮಣಿಗಳ ನಡುವಣ ಮೆತ್ತೆ ಜರುಗಿ ನರವನ್ನು ಒತ್ತಿದಾಗ, ಕೆಲವರಲ್ಲಿ ಮುಂಭಾಗದಿಂದ ಶಸ್ತ್ರಕ್ರಿಯೆ ಮಾಡಿ ಆ ಮೆತ್ತೆಯನ್ನು ತೆಗೆದು ಎರಡು ಮಣಿಗಳನ್ನು ಬೆಸೆಯಬೇಕಾಗುತ್ತದೆ. ೧೯೫೦ರ ದಶಕದಿಂದ ಬಳಕೆಯಲ್ಲಿರುವ ಕ್ರಮವಿದು. ಥೈರಾಯ್ಡ್ ಗ್ರಂಥಿಯ ಶಸ್ತ್ರಕ್ರಿಯೆಯಾದವರೂ ಕೆಲವು ದಿನ ಕೊರಳನ್ನು ಹಿಂದಕ್ಕೆ ಚಾಚಲು ಅಂಜುವರು. ಬಾಯಿಯ ಕ್ಯಾನ್ಸರಿಗಾಗಿ ಕೊರಳಿನ ಗ್ರಂಥಿಗಳನ್ನು ತೆಗೆಸಿಕೊಂಡು, ಆಮೇಲೆ ವಿಕಿರಣ ಚಿಕಿತ್ಸೆಯನ್ನೂ ಪಡೆದವರ ಪಾಡಂತೂ ಇನ್ನೂ ಕಷ್ಟ. ತಂಬಾಕು, ಅಡಕೆಗಳ ಬಳಕೆ ಹೆಚ್ಚಾಗಿರುವ ಈ ದೇಶದಲ್ಲಿ ಅಂತಹವರ ಸಂಖ್ಯೆ ಸಣ್ಣದೇನಲ್ಲ. ಅವರಲ್ಲಿ ಚರ್ಮವೂ ಮಾಂಸವೂ ಗಟ್ಟಿಯಾಗಿ ಕೊರಳು, ಹೆಗಲು ಎರಡೂ ಬಿಗಿಯುವುದುಂಟು.

ಇವರೆಲ್ಲರ ಪಾಲಿಗೂ ಒಂದು ದಿನ ಬರುತ್ತದೆ, ಬಿಡುಗಡೆಯ ದಿನ. ಆಸ್ಪತ್ರೆಯ ಮೆಟ್ಟಿಲಿಳಿದು ಬರುವಾಗ ಕೈಯಲ್ಲೊಂದು ಚೀಟಿ. ಅದರಲ್ಲಿ ಗುಳಿಗೆಗಳ ಹೆಸರು, 'ವ್ಯಾಯಾಮ ಮಾಡತಕ್ಕದ್ದು' ಎಂಬ ಒಂದು ಸಾಲು, ಮತ್ತೆ ಬರಬೇಕಾದ ತಾರೀಕು. ಆ ತಾರೀಕಿಗೂ ಈ ದಿನಕ್ಕೂ ನಡುವೆ ನಾಲ್ಕು ವಾರವೋ ಆರು ವಾರವೋ. ಆ ವಾರಗಳಲ್ಲಿ ಮನೆಯೊಳಗೆ ನಡೆಯುವುದೇನು? ವೈದ್ಯರಿಗೆ ಗೊತ್ತಿಲ್ಲ. ರೋಗಿಗೂ ಸರಿಯಾಗಿ ಗೊತ್ತಿಲ್ಲ. ನೋವಿಗೆ ಹೆದರಿ ಅವನು ಕೊರಳನ್ನು ಅಲುಗಿಸದೆ ಕುಳಿತುಕೊಳ್ಳುತ್ತಾನೆ. ಅಲುಗಿಸದ್ದರಿಂದ ಅದು ಇನ್ನಷ್ಟು ಬಿಗಿಯುತ್ತದೆ. ಬಿಗಿದದ್ದರಿಂದ ನೋವು ಹೆಚ್ಚುತ್ತದೆ. ಹೆಚ್ಚಿದ ನೋವು ಹೆದರಿಕೆಯನ್ನು ಬೆಳೆಸುತ್ತದೆ. ಮನೆಯ ಹಿರಿಯರು ಅಕ್ಕರೆಯಿಂದ 'ಅಲ್ಲಾಡಬೇಡ, ಮಲಗಿರು' ಎನ್ನುತ್ತಾರೆ. ಆರು ವಾರ ಕಳೆದು ವೈದ್ಯರ ಮುಂದೆ ಕುಳಿತಾಗ, ಎರಡನೆಯ ವಾರದಲ್ಲೇ ತಿದ್ದಬಹುದಾಗಿದ್ದ ಸಣ್ಣ ತೊಡಕು ಗಂಟಾಗಿ ಕುಳಿತಿರುತ್ತದೆ.

ಇದರ ಅರ್ಥ, ಎಲ್ಲರೂ ಕೊರಳನ್ನು ಮನಬಂದಂತೆ ತಿರುಗಿಸಬೇಕೆಂದಲ್ಲ. ಮಣಿಗಳನ್ನು ಬೆಸೆದ ರೋಗಿಗೆ ಎಷ್ಟು ದಿನ ಪಟ್ಟಿ ಕಟ್ಟಬೇಕು, ಯಾವಾಗ ಅಲುಗಿಸಬೇಕು ಎಂಬುದನ್ನು ಶಸ್ತ್ರವೈದ್ಯರೇ ನಿರ್ಧರಿಸಬೇಕು. ಆದರೆ ಮೂಳೆ ಮುರಿಯದ ಸಾಮಾನ್ಯ ಉಳುಕಿಗೆ ತಿಂಗಳುಗಟ್ಟಲೆ ಪಟ್ಟಿ ಕಟ್ಟಿ ಮಲಗಿಸುವ ಹಳೆಯ ವಾಡಿಕೆಯನ್ನು ಇಂದಿನ ವೈದ್ಯರು ಒಪ್ಪುವುದಿಲ್ಲ; ಮಿತಿಯರಿತ ಚಲನೆಯೇ ಅದಕ್ಕೆ ಮದ್ದು. ಮಿತಿಯನ್ನು ಅರಿಯುವುದಾದರೂ ಹೇಗೆ? ಅಳೆದಲ್ಲದೆ ಅದು ತಿಳಿಯದು.

ಅಳತೆಯ ಹಳೆಯ ಬಗೆ

ಕೊರಳನ್ನು ಅಳೆಯುವ ಉಪಕರಣಗಳು ಹೊಸವೇನಲ್ಲ. ವೈದ್ಯರ ಕಣ್ಣಂದಾಜು ಎಲ್ಲಕ್ಕಿಂತ ಹಳೆಯದು. ಗಲ್ಲದಿಂದ ಎದೆಯ ಮೂಳೆಯವರೆಗೆ ಟೇಪು ಹಿಡಿದು ನೋಡುವುದು ಇನ್ನೊಂದು ಬಗೆ. ಶಾಲೆಯ ಕೋನಮಾಪಕಕ್ಕೆ ಎರಡು ತೋಳುಗಳನ್ನು ಜೋಡಿಸಿದಂತಿರುವ ಗೋನಿಯೋಮೀಟರ್ ಮೂರನೆಯದು. ಕೊರಳಿಗಾಗಿಯೇ ನಿರ್ಮಿತವಾದ 'ಕ್ರಾಮ್' ಎಂಬ ಉಪಕರಣವೊಂದಿದೆ. ಕನ್ನಡಕದಂತೆ ಮೂಗಿನ ಮೇಲೆ ಕುಳ್ಳಿರಿಸುವ ಈ ಚೌಕಟ್ಟಿನಲ್ಲಿ ವಾಲಿಕೆಯನ್ನು ತೋರಿಸುವ ಎರಡು ಮುಳ್ಳುಗಳೂ ತಿರುವನ್ನು ತೋರಿಸುವ ಒಂದು ದಿಕ್ಸೂಚಿಯೂ ಇರುತ್ತವೆ. ಹೆಗಲ ಮೇಲೆ ಅಯಸ್ಕಾಂತದ ಪಟ್ಟಿಯೊಂದನ್ನು ಇಟ್ಟು, ಮೈ ತಿರುಗಿದ್ದನ್ನು ಕೊರಳು ತಿರುಗಿದ್ದೆಂದು ಎಣಿಸದ ಹಾಗೆ ಎಚ್ಚರ ವಹಿಸುತ್ತಾರೆ.

ಇವೆಲ್ಲಕ್ಕೂ ಇರುವ ಕೊರತೆ ಒಂದೇ: ಇವು ಆಸ್ಪತ್ರೆಯಲ್ಲಿವೆ, ರೋಗಿ ಮನೆಯಲ್ಲಿದ್ದಾನೆ. ಅಳೆಯುವ ವಸ್ತು ರೋಗಿಯ ಮನೆಯಲ್ಲಿಯೇ ಇರಬೇಕಾದರೆ ಅದು ಅಗ್ಗವಾಗಿರಬೇಕು, ಆಗಲೇ ಕೊಂಡದ್ದಾಗಿದ್ದರೆ ಇನ್ನೂ ಮೇಲು. ಫೋನಿನತ್ತ ವೈದ್ಯರ ದೃಷ್ಟಿ ಹೊರಳಿದ್ದು ಈ ಕಾರಣದಿಂದ.

ಫೋನಿನೊಳಗಿನ ತೂಗುಗುಂಡು

ಗಾರೆಯವನು ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಗುಂಡು ಕಟ್ಟಿ ಇಳಿಬಿಡುವುದನ್ನು ನೋಡದವರಿಲ್ಲ. ಭೂಮಿಯು ಗುಂಡನ್ನು ನೇರ ಕೆಳಕ್ಕೆ ಎಳೆಯುತ್ತದೆ. ಗೋಡೆ ಎಷ್ಟು ವಾಲಿದೆಯೆಂಬುದು ಆ ದಾರದಿಂದ ತಿಳಿಯುತ್ತದೆ. ಸ್ಮಾರ್ಟ್‌ಫೋನಿನಲ್ಲಿರುವ ಆಕ್ಸಲರೋಮೀಟರ್ ಎಂಬುದು ಹೆಚ್ಚುಕಡಮೆ ಇಂತಹ ತೂಗುಗುಂಡೇ. ಕೆಲವೇ ಮಿಲಿಮೀಟರು ಅಗಲದ ಸಿಲಿಕಾನ್ ಬಿಲ್ಲೆಯಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣದಾದ ಒಂದು ತೂಕವನ್ನು ಸಿಲಿಕಾನಿನ ಸ್ಪ್ರಿಂಗುಗಳಿಂದ ತೂಗುಹಾಕಿರುತ್ತಾರೆ. ಅದಕ್ಕೆ ಬಾಚಣಿಗೆಯ ಹಲ್ಲುಗಳಂತಹ ಚಾಚುಗಳಿರುತ್ತವೆ. ಎದುರಿಗೆ ಸ್ಥಿರವಾಗಿ ನಿಂತ ಇನ್ನೊಂದು ಬಾಚಣಿಗೆಯ ಹಲ್ಲುಗಳು. ಫೋನು ವಾಲಿದೊಡನೆ ಆ ತೂಕವು ಕೂದಲೆಳೆಯ ಒಂದಂಶದಷ್ಟು ಸರಿಯುತ್ತದೆ. ಹಲ್ಲುಗಳ ನಡುವಣ ಅಂತರ ಬದಲಾಗಿ, ಅವುಗಳಲ್ಲಿ ಸಂಚಯವಾಗುವ ವಿದ್ಯುತ್ತಿನ ಪ್ರಮಾಣವೂ ಬದಲಾಗುತ್ತದೆ. ಆ ಬದಲಾವಣೆಯನ್ನು ಫೋನು ಡಿಗ್ರಿಗಳ ಲೆಕ್ಕಕ್ಕೆ ತರುತ್ತದೆ. ಫೋನನ್ನು ಅಡ್ಡ ಹಿಡಿದಾಗ ಚಿತ್ರವೂ ತಾನಾಗಿಯೇ ಅಡ್ಡವಾಗುವುದು ಈ ಸಾಧನದಿಂದಲೇ.

ಇದಕ್ಕೆ ಜೊತೆಯಾಗಿ ಇನ್ನೆರಡು ಸಾಧನಗಳುಂಟು. ಮೊದಲನೆಯದು ಜೈರೋಸ್ಕೋಪು, ಸದಾ ಕಂಪಿಸುತ್ತಿರುವ ಸೂಕ್ಷ್ಮ ತೂಕವೊಂದು ತಿರುಗಿದಾಗ ಪಕ್ಕಕ್ಕೆ ಜರುಗುವುದನ್ನು ನೋಡಿ, ತಿರುಗುವ ವೇಗವನ್ನು ಅದು ಹೇಳುತ್ತದೆ. ಎರಡನೆಯದು ಮ್ಯಾಗ್ನೆಟೋಮೀಟರು, ಅರ್ಥಾತ್ ದಿಕ್ಸೂಚಿ. ೨೦೦೭ರಲ್ಲಿ ಬಂದ ಮೊದಲ ಐಫೋನಿನಲ್ಲಿಯೇ ಆಕ್ಸಲರೋಮೀಟರ್ ಇತ್ತು. ೨೦೦೯ರಲ್ಲಿ ದಿಕ್ಸೂಚಿಯೂ ೨೦೧೦ರಲ್ಲಿ ಜೈರೋಸ್ಕೋಪೂ ಅದನ್ನು ಸೇರಿಕೊಂಡವು. ಇವನ್ನು ಹಾಕಿದವರು ರೋಗಿಗಳನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ. ಚಿತ್ರ ತಿರುಗಲಿ, ಆಟ ಸೊಗಸಾಗಲಿ, ದಾರಿ ತಿಳಿಯಲಿ ಎಂಬುದಷ್ಟೇ ಅವರ ಉದ್ದೇಶ. ಆಟಕ್ಕೆಂದು ತಂದದ್ದು ಶುಶ್ರೂಷೆಗೆ ಒದಗಿತು.

ತಿರುವಿನ ತೊಡಕು

ಆದರೆ ಒಂದು ವಸ್ತು ಅಳೆಯುತ್ತದೆ ಎಂದ ಮಾತ್ರಕ್ಕೆ ಸರಿಯಾಗಿ ಅಳೆಯುತ್ತದೆ ಎಂದು ನಂಬಬಹುದೇ? ೨೦೧೩ರಲ್ಲಿ ಕೆನಡಾದ ಸಂಶೋಧಕರು ಐಫೋನಿನ ಅಳತೆಯನ್ನು ಮೇಲೆ ಹೇಳಿದ ಕ್ರಾಮ್ ಉಪಕರಣದ ಅಳತೆಯೊಡನೆ ಹೋಲಿಸಿ ನೋಡಿದರು. ಮರುವರ್ಷ ಸಿಂಗಪುರ, ಆಸ್ಟ್ರೇಲಿಯಾಗಳ ಸಂಶೋಧಕರು ಆಂಡ್ರಾಯ್ಡ್ ಫೋನನ್ನು ಮೂರು ಆಯಾಮಗಳ ಚಲನ ವಿಶ್ಲೇಷಣೆಯೊಡನೆ ಹೋಲಿಸಿದರು. ಎರಡು ಪ್ರಯೋಗಗಳಲ್ಲಿಯೂ ಪರೀಕ್ಷೆಗೆ ಒಳಗಾದವರು ಆರೋಗ್ಯವಂತರು. ಎರಡರ ತೀರ್ಮಾನವೂ ಹೆಚ್ಚುಕಡಮೆ ಒಂದೇ. ಬಾಗುವುದನ್ನೂ ವಾಲುವುದನ್ನೂ ಫೋನು ಒಪ್ಪತಕ್ಕ ರೀತಿಯಲ್ಲಿ ಅಳೆಯಿತು. ಕುಳಿತವರು ಎಡಬಲಕ್ಕೆ ತಿರುಗುವುದನ್ನು ಅಳೆಯುವಾಗ ಮಾತ್ರ ತಪ್ಪಿತು.

ಕಾರಣವೇನು? ತೂಗುಗುಂಡಿನ ದೃಷ್ಟಾಂತವನ್ನು ನೆನೆದರೆ ಉತ್ತರ ತಾನೇ ಹೊಳೆಯುತ್ತದೆ. ತಲೆ ಬಾಗಿದಾಗ ಭೂಮಿಯ ಸೆಳೆತಕ್ಕೂ ತಲೆಗೂ ನಡುವಣ ಕೋನ ಬದಲಾಗುತ್ತದೆ; ಗುಂಡು ಅದನ್ನು ಕಾಣುತ್ತದೆ. ನೆಟ್ಟಗೆ ಕುಳಿತು ತಲೆಯನ್ನು ಎಡಬಲಕ್ಕೆ ತಿರುಗಿಸಿದರೆ ಆ ಕೋನ ಬದಲಾಗುವುದೇ ಇಲ್ಲ. ಗರಗರನೆ ತಿರುಗುವ ಬುಗುರಿಗೂ ನೆಟ್ಟಗೆ ನಿಂತ ಬುಗುರಿಗೂ ತೂಗುಗುಂಡಿನ ದೃಷ್ಟಿಯಲ್ಲಿ ವ್ಯತ್ಯಾಸವಿಲ್ಲ. ಆಗ ದಿಕ್ಸೂಚಿಯ ಮೊರೆ ಹೋಗಬೇಕು. ಅದಕ್ಕಾದರೋ ಚಂಚಲಬುದ್ಧಿ, ಸಮೀಪದಲ್ಲಿ ಕಬ್ಬಿಣದ ಮಂಚವಿದ್ದರೆ, ಬೀರುವಿದ್ದರೆ, ಧ್ವನಿವರ್ಧಕದ ಅಯಸ್ಕಾಂತವಿದ್ದರೆ ಅತ್ತ ಒಲಿದುಬಿಡುತ್ತದೆ. ಜೈರೋಸ್ಕೋಪನ್ನು ನೆಚ್ಚಿಕೊಂಡರೆ ಸಣ್ಣ ಸಣ್ಣ ತಪ್ಪುಗಳು ಕಾಲ ಕಳೆದಂತೆ ಕೂಡುತ್ತ ಹೋಗುತ್ತವೆ.

ಇದಕ್ಕೆ ಪರಿಹಾರವೂ ಸರಳವಾದುದೇ. ರೋಗಿ ಅಂಗಾತ ಮಲಗಿ ತಲೆಯನ್ನು ಎಡಬಲಕ್ಕೆ ಹೊರಳಿಸಿದರೆ, ಭೂಮಿಯ ಸೆಳೆತಕ್ಕೂ ಮುಖಕ್ಕೂ ನಡುವಣ ಕೋನ ಬದಲಾಗುತ್ತದೆ. ತೂಗುಗುಂಡು ಮತ್ತೆ ಕೆಲಸಕ್ಕೆ ಬರುತ್ತದೆ. ಫೋನಿನ ಕ್ಯಾಮೆರಾವನ್ನು ಎದುರಿಗಿಟ್ಟು, ಕಣ್ಣು, ಮೂಗು, ಗಲ್ಲಗಳ ಸ್ಥಾನ ಬದಲಾದುದರಿಂದ ತಿರುವನ್ನು ಗಣಿಸುವ ಮತ್ತೊಂದು ಮಾರ್ಗವೂ ಬಳಕೆಗೆ ಬಂದಿದೆ. ಅಲ್ಲಿ ಬೆಳಕು ಸಾಲದಿದ್ದರೆ, ಫೋನು ವಾರೆಯಾಗಿದ್ದರೆ ಲೆಕ್ಕ ತಪ್ಪುತ್ತದೆ. ಯಂತ್ರ ಯಾವುದೇ ಇರಲಿ, ಅದು ಯಾವಾಗ ಸುಳ್ಳು ಹೇಳುತ್ತದೆಯೆಂಬುದನ್ನು ಅರಿತವನಿಗೆ ಮಾತ್ರ ಅದರ ನಿಜ ದೊರಕುತ್ತದೆ.

ದೂರದಿಂದ ನೋಡುವ ಹಂಬಲ

ಅಳೆದದ್ದನ್ನು ದೂರಕ್ಕೆ ಕಳಿಸುವ ಹಂಬಲವಂತೂ ನೂರು ವರ್ಷಕ್ಕೂ ಹಳೆಯದು. ಹಾಲೆಂಡಿನ ಲೈಡನ್ ನಗರದ ವಿಲೆಮ್ ಐಂಥೋವೆನ್ ಎಂಬ ವಿಜ್ಞಾನಿಯು ಹೃದಯದ ವಿದ್ಯುತ್ತನ್ನು ಅಳೆಯುವ ಯಂತ್ರವನ್ನು ನಿರ್ಮಿಸಿದನು. ಅದರ ತೂಕ ಸುಮಾರು ೨೭೦ ಕಿಲೋಗ್ರಾಂ. ನಡೆಸಲು ಐದು ಮಂದಿ ಬೇಕು. ಅದನ್ನು ಆಸ್ಪತ್ರೆಗೆ ಸಾಗಿಸುವುದು ಅಸಾಧ್ಯ, ರೋಗಿಗಳನ್ನು ಪ್ರಯೋಗಶಾಲೆಗೆ ತರುವುದು ಕಷ್ಟ. ೧೯೦೫ರಲ್ಲಿ ಅವನು, ಸುಮಾರು ಒಂದೂವರೆ ಕಿಲೋಮೀಟರು ದೂರದ ಆಸ್ಪತ್ರೆಯಿಂದ ತನ್ನ ಪ್ರಯೋಗಶಾಲೆಗೆ ಟೆಲಿಫೋನಿನ ತಂತಿಯ ಮೂಲಕವೇ ಹೃದಯದ ಸಂಕೇತವನ್ನು ತರಿಸಿಕೊಂಡನು. ರೋಗಿ ಅಲ್ಲಿ, ಯಂತ್ರ ಇಲ್ಲಿ! ಅವನಿಗೆ ೧೯೨೪ರ ನೊಬೆಲ್ ಪಾರಿತೋಷಕ ದೊರೆಯಿತು.

ನಮ್ಮ ನಾಡೂ ಈ ಮಾರ್ಗದಲ್ಲಿ ತೀರ ಹಿಂದುಳಿದಿಲ್ಲ. ೨೦೦೨ರಲ್ಲಿ ಇಸ್ರೋ ಸಂಸ್ಥೆಯ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೂ ಸಂಪರ್ಕ ಏರ್ಪಟ್ಟಿತು. ಗಡಿನಾಡಿನ ರೋಗಿಯ ಹೃದಯವನ್ನು ರಾಜಧಾನಿಯ ತಜ್ಞರು ಕುಳಿತಲ್ಲಿಯೇ ಪರಿಶೀಲಿಸುವಂತಾಯಿತು. ೨೦೨೦ರ ಮಾರ್ಚಿಯಲ್ಲಿ, ಕೊರೋನಾ ಸಾಂಕ್ರಾಮಿಕದ ದಿನಗಳಲ್ಲಿ, ದೂರವೈದ್ಯಕ್ಕೆ ಸಂಬಂಧಿಸಿದ ಮಾರ್ಗಸೂಚಿಗಳನ್ನು ಭಾರತ ಸರ್ಕಾರವು ಹೊರಡಿಸಿತು. ಅಮೆರಿಕದಲ್ಲಿ ೨೦೨೨ರಿಂದ, ಮನೆಯಲ್ಲಿರುವ ರೋಗಿಯ ಮೂಳೆ, ಕೀಲು, ಸ್ನಾಯುಗಳ ಚೇತರಿಕೆಯನ್ನು ದೂರದಿಂದ ಗಮನಿಸುವ ಚಿಕಿತ್ಸಕರಿಗೆ ಸರ್ಕಾರದ ಮೆಡಿಕೇರ್ ವಿಮೆಯಿಂದ ಹಣ ಸಲ್ಲುವ ವ್ಯವಸ್ಥೆಯಾಯಿತು. ಇದು ಗಮನಿಸಬೇಕಾದ ಸಂಗತಿ. ಅಲ್ಲಿ ಬೆಲೆ ಕಟ್ಟಿದ್ದು ಬರಿಯ ಯಂತ್ರಕ್ಕಲ್ಲ. ಅಂಕಿಗಳನ್ನು ನೋಡಿ ರೋಗಿಯೊಡನೆ ಮಾತನಾಡುವ ಚಿಕಿತ್ಸಕನ ಸಮಯಕ್ಕೂ ಬೆಲೆ ಕಟ್ಟಿದರು.

ಮನೆಯಲ್ಲಿ ಅಳೆಯುವ ಬಗೆ

ಮನೆಯಲ್ಲಿ ಈ ಕೆಲಸ ನಡೆಯುವ ರೀತಿ ಹೀಗೆ. ವೈದ್ಯರು ಅಥವಾ ಫಿಸಿಯೋಥೆರಪಿಸ್ಟರು ಅನುಮತಿ ಕೊಟ್ಟ ಮೇಲೆ, ರೋಗಿಯು ಬೆನ್ನೊರಗಿನ ಕುರ್ಚಿಯಲ್ಲಿ ಬೆನ್ನನ್ನು ಒರಗಿಸಿ, ಎರಡು ಪಾದಗಳನ್ನೂ ನೆಲಕ್ಕೆ ಊರಿ ಕುಳಿತುಕೊಳ್ಳುತ್ತಾನೆ. ತಲೆಗೆ ಕಟ್ಟಿದ ಪಟ್ಟಿಗೆ ಫೋನನ್ನು ಸಿಕ್ಕಿಸುತ್ತಾರೆ, ಇಲ್ಲವೇ ಮನೆಯವರೊಬ್ಬರು ಅದನ್ನು ತಲೆಯ ಪಕ್ಕಕ್ಕೆ ಒತ್ತಿ ಹಿಡಿಯುತ್ತಾರೆ. ಮೊದಲು ಮುಖ ನೇರವಾಗಿದ್ದಾಗ ಸೊನ್ನೆಯನ್ನು ಗುರುತಿಸಬೇಕು. ಆಮೇಲೆ ಮೆಲ್ಲನೆ ಬಾಗಬೇಕು, ನೋವು ತಡೆಯುವಲ್ಲಿ ನಿಲ್ಲಬೇಕು, ಹಿಂದಿರುಗಬೇಕು. ಹೆಗಲು ಏಳಬಾರದು, ಬೆನ್ನು ಬಾಗಬಾರದು. ಒಂದೊಂದು ದಿಕ್ಕಿಗೂ ಎರಡು ಮೂರು ಸಲ ಅಳೆಯುವುದು ಲೇಸು. ದಿನವೂ ಒಂದೇ ಹೊತ್ತಿನಲ್ಲಿ ಅಳೆಯಬೇಕು. ಬೆಳಗಿನ ಜಡತೆಯೂ ಸಂಜೆಯ ಸಡಿಲವೂ ಬೇರೆಬೇರೆ.

ಹೀಗೆ ದೊರೆತ ಅಂಕಿ ವೈದ್ಯರ ಬಳಿಗೆ ಹೋಗುತ್ತದೆ. ಅದರೊಡನೆ ನೋವು ಸೊನ್ನೆಯಿಂದ ಹತ್ತರವರೆಗೆ ಎಷ್ಟಿದೆ, ವ್ಯಾಯಾಮ ಮಾಡಿದ್ದುಂಟೇ, ನಿದ್ರೆ ಬಂತೇ ಎಂಬ ಪ್ರಶ್ನೆಗಳಿಗೆ ಉತ್ತರವೂ ಹೋಗುತ್ತದೆ. ವೈದ್ಯರು ನೋಡುವುದು ಒಂದು ದಿನದ ಅಂಕಿಯನ್ನಲ್ಲ. ಇಂದು ೪೦ ಡಿಗ್ರಿ, ನಾಳೆ ೩೭ ಎಂದರೆ ರೋಗ ಉಲ್ಬಣಿಸಿತೆಂದು ಅರ್ಥವಲ್ಲ; ಕೈಯಲ್ಲಿ ಹಿಡಿದು ಅಳೆಯುವಾಗ ನಾಲ್ಕಾರು ಡಿಗ್ರಿಗಳ ಏರುಪೇರು ಸ್ವಾಭಾವಿಕ. ಎರಡು ವಾರಗಳ ಅಂಕಿಗಳನ್ನು ಗೆರೆಯಾಗಿ ಎಳೆದಾಗ ಆ ಗೆರೆ ಏರುತ್ತಿದೆಯೇ, ಮಲಗಿದೆಯೇ, ಇಳಿಯುತ್ತಿದೆಯೇ ಎಂಬುದೇ ಮುಖ್ಯ. ಗೆರೆ ಮಲಗಿದ್ದರೆ ಅದು ಕರೆ ಮಾಡಿ ವಿಚಾರಿಸಬೇಕಾದ ಸಮಯ. ವ್ಯಾಯಾಮವನ್ನು ತಪ್ಪಾಗಿ ಮಾಡುತ್ತಿರುವನೋ, ಹೆದರಿ ಬಿಟ್ಟಿರುವನೋ, ನೋವಿನ ಗುಳಿಗೆ ಸಾಲದೋ? ಆರನೆಯ ವಾರದಲ್ಲಿ ಕೇಳಬಹುದಾಗಿದ್ದ ಪ್ರಶ್ನೆಯನ್ನು ಎರಡನೆಯ ವಾರದಲ್ಲಿ ಕೇಳುವಂತಾಗುತ್ತದೆ. ಈ ನಾಲ್ಕು ವಾರಗಳ ಉಳಿತಾಯವೇ ಇಡೀ ವ್ಯವಸ್ಥೆಯ ನಿಜವಾದ ಲಾಭ.

ಬೆಂಗಳೂರಿನಲ್ಲಿ ಶಸ್ತ್ರಕ್ರಿಯೆಯಾಗಿ ರಾಯಚೂರಿಗೋ ಕಾರವಾರಕ್ಕೋ ಹಿಂದಿರುಗಿದ ರೋಗಿಗೆ ಈ ಲಾಭದ ಬೆಲೆ ಗೊತ್ತಾಗದಿರದು. ರಾತ್ರಿಯೆಲ್ಲ ಬಸ್ಸಿನಲ್ಲಿ ಕುಲುಕಾಡುತ್ತ ಬರುವುದೇ ಬಿಗಿದ ಕೊರಳಿಗೆ ಶಿಕ್ಷೆ. ಜೊತೆಗೆ ಬರುವ ಮಗನ ಎರಡು ದಿನದ ಸಂಬಳ, ತಂಗುವ ಖರ್ಚು, ಮನೆಯಲ್ಲಿ ಬಿಟ್ಟುಬಂದ ಮಕ್ಕಳ ಚಿಂತೆ ಬೇರೆ. ಇಷ್ಟೆಲ್ಲ ಪಡಿಪಾಟಲಾಗಿ ಬಂದವರಿಗೆ, 'ಚೆನ್ನಾಗಿದೆ, ಹೀಗೇ ಮುಂದುವರಿಸಿ' ಎಂಬ ಐದು ನಿಮಿಷದ ಮಾತು ಮಾತ್ರ ದೊರೆತರೆ, ಆ ಮಾತು ಫೋನಿನ ಮೂಲಕವೇ ಬರಬಾರದಾಗಿತ್ತೇ ಎನಿಸುವುದು ಸಹಜ.

ಅಂಕಿಗೆ ಕಾಣದ್ದು

ಹಾಗೆಂದು ಫೋನನ್ನು ವೈದ್ಯನ ಸ್ಥಾನದಲ್ಲಿ ಕುಳ್ಳಿರಿಸುವುದು ಅವಿವೇಕ. ಕೊರಳು ಎಷ್ಟು ತಿರುಗಿತೆಂದು ಅದು ಹೇಳೀತು. ಏಕೆ ತಿರುಗಲಿಲ್ಲವೆಂದು ಹೇಳಲಾರದು. ಗಾಯ ಕೆಂಪಗಾದದ್ದು, ಬೆರಳ ತುದಿ ಜೋಮು ಹಿಡಿದದ್ದು ಅದರ ತೂಗುಗುಂಡಿಗೆ ಕಾಣದು. ಮಣಿಗಳನ್ನು ಬೆಸೆದವರಲ್ಲಿ ಕೆಲವು ಡಿಗ್ರಿಗಳು ಶಾಶ್ವತವಾಗಿ ಕಡಮೆಯಾಗುವುದು ನಿರೀಕ್ಷಿತವಾದದ್ದೇ. ಅದನ್ನು ಸೋಲೆಂದು ಬಗೆದು, ಅಂಕಿಯನ್ನು ಏರಿಸುವ ಹಟದಿಂದ ಕೊರಳನ್ನು ಹಿಂಸಿಸಿಕೊಂಡರೆ ಅನರ್ಥವಾದೀತು.

ಕೈಕಾಲುಗಳಲ್ಲಿ ಹೊಸದಾಗಿ ಬಲಹೀನತೆ, ಜೋಮು, ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುವುದು, ನಡಿಗೆ ತತ್ತರಿಸುವುದು, ಮಲಮೂತ್ರಗಳ ಮೇಲೆ ಹತೋಟಿ ತಪ್ಪುವುದು, ಜ್ವರ; ಶಸ್ತ್ರಕ್ರಿಯೆಯಾದವರಲ್ಲಿ ಕೊರಳು ಊದಿ ಉಸಿರಾಟಕ್ಕೂ ನುಂಗುವುದಕ್ಕೂ ತೊಂದರೆಯಾಗುವುದು: ಇವುಗಳಲ್ಲಿ ಯಾವುದೊಂದು ಕಂಡರೂ ಫೋನಿನಲ್ಲಿ ಡಿಗ್ರಿ ನೋಡುತ್ತ ಕುಳಿತುಕೊಳ್ಳದೆ ಒಡನೆಯೇ ಆಸ್ಪತ್ರೆಗೆ ಧಾವಿಸಬೇಕು.

ಇನ್ನೂ ಒಂದು ಅಪಾಯವಿದೆ. ಅದು ಯಂತ್ರದ ದೋಷವಲ್ಲ, ಮನುಷ್ಯರ ದೋಷ. ಅಂಕಿಗಳು ದಿನವೂ ಹೋಗುತ್ತಿರುತ್ತವೆ. ಅತ್ತ ಅವುಗಳನ್ನು ಯಾರೂ ನೋಡುತ್ತಿರುವುದಿಲ್ಲ. ರೋಗಿಯು ಮಾತ್ರ 'ವೈದ್ಯರು ನೋಡುತ್ತಿದ್ದಾರೆ' ಎಂಬ ಭರವಸೆಯಲ್ಲಿ ನೋವನ್ನು ನುಂಗಿಕೊಂಡು ಕುಳಿತಿರುತ್ತಾನೆ. ಯಾವ ಕಾವಲೂ ಇಲ್ಲದವನು ತನ್ನ ಎಚ್ಚರದಲ್ಲಿ ತಾನಿರುತ್ತಾನೆ. ಕಾವಲುಗಾರನು ನಿದ್ರಿಸುತ್ತಿರುವ ಮನೆಯವನಿಗೆ ಆ ಎಚ್ಚರವೂ ಇರುವುದಿಲ್ಲ. ಅಲ್ಲದೆ, ಮುಖದ ಚಿತ್ರವನ್ನೂ ಕಾಯಿಲೆಯ ವಿವರವನ್ನೂ ಹೊತ್ತ ಈ ದಾಖಲೆಗಳು ಪರರ ಪಾಲಾಗಬಾರದು. ಖಾಸಗಿ ಮಾಹಿತಿಯ ರಕ್ಷಣೆಗಾಗಿ ೨೦೨೩ರಲ್ಲಿ ಪಾರ್ಲಿಮೆಂಟು ಶಾಸನವನ್ನು ಮಾಡಿದೆಯಾದರೂ, ಯಾವ ಆ್ಯಪಿಗೆ ಯಾವ ಅನುಮತಿ ಕೊಟ್ಟೆವೆಂಬ ಎಚ್ಚರವು ಮನೆಯವರಿಗೂ ಇರಬೇಕು.

ಆಪಾದಿತನೇ ಕಾವಲುಗಾರ

ಇಷ್ಟು ಹೊತ್ತಿಗೆ ಕೆಲವು ಓದುಗರು ನಗುತ್ತಿರಬಹುದು: ಕೊರಳು ಕೆಡಿಸಿದ್ದೇ ಈ ಫೋನು, ಈಗ ಅದೇ ಶುಶ್ರೂಷೆಗೆ ಬಂತೇ? ಮಾತಿನಲ್ಲಿ ಹುರುಳಿಲ್ಲದಿಲ್ಲ. ೨೦೧೪ರಲ್ಲಿ ಅಮೆರಿಕದ ಶಸ್ತ್ರವೈದ್ಯರೊಬ್ಬರು ಗಣಕದ ಮಾದರಿಯೊಂದರಿಂದ ಲೆಕ್ಕ ಹಾಕಿ, ತಲೆಯನ್ನು ೬೦ ಡಿಗ್ರಿ ಬಾಗಿಸಿದಾಗ ಕೊರಳಿನ ಮೇಲೆ ಬೀಳುವ ಹೊರೆ ಸುಮಾರು ೨೭ ಕಿಲೋಗ್ರಾಮಿಗೆ ಸಮನೆಂದರು. ಅಂದಿನಿಂದ ಆ ಅಂಕಿ ಪತ್ರಿಕೆಯಿಂದ ಪತ್ರಿಕೆಗೆ ಹಾರುತ್ತಿದೆ. ಆದರೆ ಅದು ಲೆಕ್ಕದ ಫಲವೇ ಹೊರತು ರೋಗಿಗಳನ್ನು ಪರೀಕ್ಷಿಸಿ ಕಂಡದ್ದಲ್ಲ. ೨೦೧೮ರಲ್ಲಿ ಬ್ರೆಜಿಲಿನ ತರುಣ ತರುಣಿಯರನ್ನು ಪರೀಕ್ಷಿಸಿದವರಿಗೆ ಫೋನು ನೋಡುವ ಭಂಗಿಗೂ ಕೊರಳ ನೋವಿಗೂ ಸಂಬಂಧ ಕಾಣಲಿಲ್ಲ. ಬಾಗುವುದಕ್ಕಿಂತ, ಬಾಗಿದ ಕೊರಳನ್ನು ಗಂಟೆಗಟ್ಟಲೆ ಅಲುಗಿಸದೆ ಇಡುವುದು ತರವಲ್ಲವೆಂಬ ಸಾಮಾನ್ಯ ಜ್ಞಾನವೇ ಇಲ್ಲಿ ದೊಡ್ಡದು. ಕೊರಳು ಇರುವುದು ತಿರುಗುವುದಕ್ಕೆ.

ಕೇಳಬೇಕಾದ ಪ್ರಶ್ನೆಗಳು

ಆದ್ದರಿಂದ ಬಿಡುಗಡೆಯ ದಿನ, ಚೀಟಿಯನ್ನು ಮಡಿಸಿ ಜೇಬಿಗಿಡುವ ಮುನ್ನ, ರೋಗಿಯ ಕಡೆಯವರು ಆಸ್ಪತ್ರೆಯವರನ್ನು ಸಂಕೋಚವಿಲ್ಲದೆ ಕೆಲವು ಪ್ರಶ್ನೆಗಳನ್ನು ಕೇಳಬೇಕು. ಕೊರಳನ್ನು ಎಂದಿನಿಂದ ಅಲುಗಿಸಬಹುದು, ಯಾವ ದಿಕ್ಕಿಗೆ, ಎಷ್ಟರವರೆಗೆ? ಮನೆಯಲ್ಲಿ ಫೋನಿನಿಂದ ಅಳೆದು ಕಳಿಸುವ ವ್ಯವಸ್ಥೆ ಇಲ್ಲಿ ಉಂಟೇ? ಇದ್ದರೆ, ಅಳೆಯುವ ಕ್ರಮವನ್ನು ಈಗಲೇ ಒಮ್ಮೆ ಮಾಡಿ ತೋರಿಸಬಹುದೇ? ಸೂಚನೆಗಳು ಕನ್ನಡದಲ್ಲಿವೆಯೇ? ಎಲ್ಲಕ್ಕಿಂತ ಮಿಗಿಲಾಗಿ, ನಾವು ಕಳಿಸುವ ಅಂಕಿಗಳನ್ನು ನೋಡುವವರು ಯಾರು, ಎಷ್ಟು ದಿನಕ್ಕೊಮ್ಮೆ ನೋಡುತ್ತಾರೆ, ಗೆರೆ ಏರದಿದ್ದರೆ ಯಾರು ಕರೆ ಮಾಡುತ್ತಾರೆ?

ಕಡೆಯ ಪ್ರಶ್ನೆಗೆ ಒಬ್ಬ ವ್ಯಕ್ತಿಯ ಹೆಸರು ಉತ್ತರವಾಗಿ ಬಂದರೆ, ಆ ಮನೆಯ ಕೊರಳಿಗೆ ಕಾವಲು ಇದೆಯೆಂದು ನಂಬಬಹುದು. ಆ್ಯಪಿನ ಹೆಸರು ಮಾತ್ರ ಬಂದರೆ, ಇನ್ನೊಮ್ಮೆ ಕೇಳಬೇಕು.